ಡರ್ಟ್ ಬೈಕನ್ನು ಮನೆಯ ನೆಲಕ್ಕೆ ಕಟ್ಟುವ ಬಗೆ

ರಸ್ತೆ ಬೈಕಿನ ಕಳ್ಳ ಹ್ಯಾಂಡಲ್ ಲಾಕ್ ಮುರಿದು, ವೈರು ಜೋಡಿಸಿ, ಓಡಿಸಿಕೊಂಡು ಹೋಗುತ್ತಾನೆ. ಮಣ್ಣು ದಾರಿ, ಗುಡ್ಡಗಳಲ್ಲಿ ಓಡಿಸುವ ಡರ್ಟ್ ಬೈಕನ್ನು ಎತ್ತಿಕೊಂಡು ಹೋಗುತ್ತಾರೆ. ಕವಾಸಕಿ ಕೆಎಕ್ಸ್ 100 ಎಂಬತ್ತು ಕಿಲೋ ಮುಟ್ಟುವುದಿಲ್ಲ, ಕೆಎಲ್‌ಎಕ್ಸ್ 140 ನೂರರ ಆಸುಪಾಸು. ಇಬ್ಬರು ಗಟ್ಟಿ ಆಳುಗಳಿಗೆ ಇದು ಎರಡು ಮೂಟೆಯ ಲೆಕ್ಕ. ಹೀರೋ ಎಕ್ಸ್‌ಪಲ್ಸ್ 200 ಸುಮಾರು 160 ಕಿಲೋ, ಹಳೆಯ ಹಿಮಾಲಯನ್ 411 ಇನ್ನೂರರ ಹತ್ತಿರ. ಅವಕ್ಕೆ ಮೂರು ನಾಲ್ಕು ಜನ ಬೇಕು, ಅಥವಾ ಗಾಡಿಗೆ ಉರುಳಿಸಿ ಹತ್ತಿಸಲು ಒಂದು ಹಲಗೆ.

ಬೆಳಗಿನ ಜಾವ ಮೂರಕ್ಕೆ ಟೊಮೆಟೊ ಕ್ರೇಟು, ಹೂವಿನ ಮೂಟೆ ಹೊತ್ತ ಪಿಕಪ್‌ಗಳು ಓಡಾಡುವುದು ಕೋಲಾರ, ಚಿಕ್ಕಬಳ್ಳಾಪುರದ ಕಡೆ ದಿನನಿತ್ಯದ ಮಾತು. ಬೀದಿಯಲ್ಲಿ ಇನ್ನೊಂದು ಪಿಕಪ್ ನಿಂತರೆ ಯಾರೂ ಕಿಟಕಿ ತೆರೆದು ನೋಡುವುದಿಲ್ಲ. ಆದ್ದರಿಂದ ಸ್ಟಾರ್ಟ್ ಆಗದಂತೆ ಮಾಡುವುದಕ್ಕಿಂತ ಮೊದಲು ಬೈಕು ನೆಲ ಬಿಟ್ಟು ಏಳದಂತೆ ಮಾಡಬೇಕು. ಖರ್ಚು ಮಾಡುವ ಮೊದಲ ರೂಪಾಯಿ ಸಿಮೆಂಟಿಗೆ ಹೋಗಲಿ. ಜಿಪಿಎಸ್, ಕ್ಯಾಮೆರಾ ಆಮೇಲೆ.

ಕಲ್ಲಿಗೆ ಕಟ್ಟಬೇಡಿ

ನಮ್ಮ ಕಡೆ ಕಲ್ಲಿಗೇನು ಬರ. ಕಾಂಪೌಂಡಿಗೆ ಚಪ್ಪಡಿ, ದ್ರಾಕ್ಷಿ ಚಪ್ಪರಕ್ಕೆ ಕಲ್ಲು ಕಂಬ, ದನ ಕಟ್ಟಲೂ ಕಲ್ಲೇ. ಹಾಗಾಗಿ ಬೈಕನ್ನೂ ಅದೇ ಕಂಬಕ್ಕೆ ಸರಪಳಿ ಸುತ್ತಿ ಕಟ್ಟುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಇದು ತಪ್ಪು. ಗ್ರಾನೈಟ್ ಭಾರ ಹೊರುತ್ತದೆ, ಅಡ್ಡ ಪೆಟ್ಟು ತಾಳುವುದಿಲ್ಲ. ಸಮ್ಮಟಿಗೆಯ ಕೆಲವೇ ಏಟಿಗೆ ನಾಲ್ಕಿಂಚಿನ ಕಂಬ ತುಂಡಾಗುತ್ತದೆ. ನೆಲದಲ್ಲಿ ಒಂದೂವರೆ ಅಡಿ ಹೂತಿರುವ ಕಂಬವನ್ನು ಮಳೆಗಾಲದಲ್ಲಿ ಇಬ್ಬರು ಅಲುಗಾಡಿಸಿಯೇ ಕೀಳಬಹುದು. ಸರಪಳಿ ಸಡಿಲವಿದ್ದರೆ ಅದೂ ಬೇಡ, ಕಂಬದ ತಲೆಯ ಮೇಲಿಂದ ಎತ್ತಿ ತೆಗೆದರಾಯಿತು.

ಚಪ್ಪಡಿಗೆ ಬೋಲ್ಟು ಹೊಡೆಯುವುದು ಇನ್ನೂ ಕೆಟ್ಟದ್ದು. ಕಲ್ಲುಕುಟಿಗರು ಬಂಡೆ ಸೀಳುವಾಗ ಮಾಡುವುದೇನು? ಒಂದೇ ಸಾಲಿನಲ್ಲಿ ತೂತು ಕೊರೆದು ಬೆಣೆ ಹೊಡೆಯುತ್ತಾರೆ. ನಾಲ್ಕು ಎಕ್ಸ್‌ಪ್ಯಾನ್ಷನ್ ಬೋಲ್ಟುಗಳ ತಟ್ಟೆಯೊಂದನ್ನು ಚಪ್ಪಡಿಯ ಅಂಚಿನಲ್ಲಿ ಬಿಗಿದರೆ ನೀವೂ ಅದನ್ನೇ ಮಾಡಿದಂತೆ: ಬೋಲ್ಟು ಬಿಗಿಯುತ್ತಾ ಹೋದಂತೆ ಅದರ ತೋಳು ಹಿಗ್ಗಿ ಕಲ್ಲನ್ನು ಒಳಗಿನಿಂದ ಒತ್ತುತ್ತದೆ. ಬಿರುಕು ಅಂದೇ ಕಾಣದಿರಬಹುದು. ಕಳ್ಳ ಹಾರೆ ಹಾಕಿದಾಗ ಕಾಣುತ್ತದೆ.

ಗುಂಡಿ, ಕಂಬಿ, ಕಾಂಕ್ರೀಟು

ಹಳೆಯ ಮನೆಗಳ ನೆಲದಲ್ಲಿ ಟೈಲ್ಸು ಅಥವಾ ಕಡಪ ಕಲ್ಲಿನ ಕೆಳಗೆ ಇರುವುದು ಹೆಚ್ಚೆಂದರೆ ಮೂರ್ನಾಲ್ಕು ಇಂಚಿನ ಕಾಂಕ್ರೀಟು, ಅದರ ಕೆಳಗೆ ಮಣ್ಣು. 12 ಮಿ.ಮೀ. ಕೆಮಿಕಲ್ ಆಂಕರ್, ಅಂದರೆ ರೆಸಿನ್ ಎಂಬ ಅಂಟಿನಿಂದ ಕೂರಿಸುವ ಬೋಲ್ಟು, ಗಟ್ಟಿಯಾಗಿ ಕೂರಲು ಗಟ್ಟಿ ಕಾಂಕ್ರೀಟಿನಲ್ಲಿ 110 ಮಿ.ಮೀ. ಆಳ ಬೇಕು, ಕೆಳಗೆ ಇನ್ನೂ ಸ್ವಲ್ಪ ದಪ್ಪ ಉಳಿದಿರಬೇಕು. ಆರಿಂಚಿನ ಸ್ಲ್ಯಾಬ್ ಇದೆಯೆಂದು ಖಾತ್ರಿಯಿದ್ದರೆ ಈ ಬೋಲ್ಟಿನ ಆಂಕರ್ ಹಾಕಿ: 14 ಮಿ.ಮೀ. ಬಿಟ್‌ನಿಂದ ತೂತು ಕೊರೆದು, ಬ್ರಷ್ ಆಡಿಸಿ, ಪಂಪಿನಿಂದ ದೂಳು ಊದಿ, ಮತ್ತೆ ಬ್ರಷ್, ಮತ್ತೆ ಊದಿ, ಆಮೇಲೆ ರೆಸಿನ್. ದೂಳು ಉಳಿದರೆ ರೆಸಿನ್ ದೂಳಿಗೆ ಅಂಟುತ್ತದೆ, ಕಾಂಕ್ರೀಟಿಗಲ್ಲ, ಬೋಲ್ಟು ಕೈಯಲ್ಲೇ ಬರುತ್ತದೆ. ಸ್ಲ್ಯಾಬಿನ ದಪ್ಪ ಗೊತ್ತಿಲ್ಲದಿದ್ದರೆ ಅಗೆಯುವುದೇ ಸರಿ.

ಬೈಕು ನಿಲ್ಲಿಸುವ ಜಾಗದಲ್ಲಿ, ಹಿಂಚಕ್ರಕ್ಕೆ ಸ್ವಲ್ಪ ಮುಂದೆ ಬರುವ ಹಾಗೆ, 40 ಸೆಂ.ಮೀ. ಉದ್ದಗಲ, 50 ಸೆಂ.ಮೀ. ಆಳದ ಗುಂಡಿ ತೆಗೆಯಿರಿ. ಬಾಯಿಗಿಂತ ತಳ ತುಸು ಅಗಲವಿರಲಿ. ಎಳೆದಾಗ ಕಾಂಕ್ರೀಟಿನ ದಿಮ್ಮಿ ಮೇಲೆ ಬರುವ ಬದಲು ಮಣ್ಣಿಗೇ ಒತ್ತುತ್ತದೆ. ಕಬ್ಬಿಣದಂಗಡಿಯಿಂದ 20 ಮಿ.ಮೀ. ಟಿಎಂಟಿ ಕಂಬಿ 1.3 ಮೀಟರ್ ಕತ್ತರಿಸಿ ತನ್ನಿ. ಅದನ್ನು ಕಂಬಿ ಕೆಲಸದವರ ಹತ್ತಿರ ಯು ಆಕಾರಕ್ಕೆ ಬಗ್ಗಿಸಿ, ಎರಡು ಕಾಲುಗಳ ತುದಿಯನ್ನು 12 ಸೆಂ.ಮೀ. ಹೊರಕ್ಕೆ ಮಡಚಿಸಿ. ಗ್ಯಾಸ್‌ನಲ್ಲಿ ಕಾಯಿಸಿ ಬಗ್ಗಿಸಲು ಬಿಡಬೇಡಿ. ಟಿಎಂಟಿಯ ಗಡಸು ಅದರ ಹೊರ ಪದರದಲ್ಲಿದೆ, ಕೆಂಪಗೆ ಕಾಯಿಸಿದರೆ ಅದು ಹೋಗಿ ಉಳಿಯುವುದು ಮೆತ್ತನೆಯ ಕಬ್ಬಿಣ. ಹಾಗೆಂದು ತಣ್ಣಗೆ ತೀರಾ ಕಿರಿದಾಗಿ ಬಗ್ಗಿಸಿದರೆ ಬಾಗಿನ ಹೊರಮೈ ಸೀಳುತ್ತದೆ. ಒಳ ಅಗಲ ಕಂಬಿಯ ದಪ್ಪದ ನಾಲ್ಕು ಪಟ್ಟು, ಅಂದರೆ 80 ಮಿ.ಮೀ. ಇರಲಿ.

ಒಂದು ಬಕೆಟ್ ಸಿಮೆಂಟಿಗೆ ಒಂದೂವರೆ ಬಕೆಟ್ ಎಂ-ಸ್ಯಾಂಡ್, ಮೂರು ಬಕೆಟ್ 20 ಮಿ.ಮೀ. ಜಲ್ಲಿ. ಈ ಗುಂಡಿಗೆ ಸುಮಾರು 32 ಕಿಲೋ ಸಿಮೆಂಟ್ ಸಾಕು. ನೀರು 16 ಲೀಟರ್ ಮೀರದಿರಲಿ. ಕಲಸಲು ಸುಲಭವೆಂದು ನೀರು ಸುರಿಯುವುದೇ ಇಂಥ ಸಣ್ಣ ಕೆಲಸಗಳಲ್ಲಿ ಆಗುವ ದೊಡ್ಡ ಎಡವಟ್ಟು. ತಳದಲ್ಲಿ ಒಂದು ಪದರ ಹಾಕಿ, ಮಡಚಿದ ಕಾಲುಗಳ ಮೇಲೆ ಅಡ್ಡಲಾಗಿ ಎರಡು ತುಂಡು ಕಂಬಿ ಕಟ್ಟಿ ಯು ನಿಲ್ಲಿಸಿ, ಕೋಲಿನಿಂದ ಕುಟ್ಟುತ್ತಾ ತುಂಬಿಸಿ. ನೆಲದ ಮೇಲೆ ಉಳಿಯುವ ಬಾಗಿನ ಒಳ ಎತ್ತರ 55 ಮಿ.ಮೀ. ಸಾಕು. 13 ಮಿ.ಮೀ. ಸರಪಳಿ ತೂರಬೇಕು, ಹಾರೆ ಹಾಕಿ ಮೀಟಲು ಜಾಗ ಸಿಗಬಾರದು. ಏಳು ದಿನ ಗೋಣಿಚೀಲ ಹೊದಿಸಿ ಒದ್ದೆಯಾಗಿಡಿ. ಒಣಗಿದ ದಿಮ್ಮಿಯ ತೂಕವೇ ಸುಮಾರು 190 ಕಿಲೋ, ಸುತ್ತಲಿನ ಮಣ್ಣಿನ ಹಿಡಿತ ಬೇರೆ. ಬಾಡಿಗೆ ಮನೆಯಾದರೆ ಮೊದಲು ಮಾಲೀಕರನ್ನು ಕೇಳಿ. ಬಿಟ್ಟು ಹೋಗುವಾಗ ಬಾಗನ್ನು ಗ್ರೈಂಡರ್‌ನಿಂದ ಕತ್ತರಿಸಿ ಗಾರೆ ಹಚ್ಚಿದರೆ ನೆಲ ಸಮ.

ಸರಪಳಿ ಮತ್ತು ಬೀಗ

ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಬಾವಿ ಸರಪಳಿ ಬೋಲ್ಟ್ ಕಟರ್‌ಗೆ ಮಜ್ಜಿಗೆ ಕುಡಿದಷ್ಟು ಸಲೀಸು. ಕೊಳ್ಳುವ ಮೊದಲು ಒಂದು ಅರ ಒಯ್ದು ಕೊಂಡಿಯ ಮೇಲೆ ಉಜ್ಜಿ ನೋಡಿ. ಮೇಲ್ಮೈ ಗಡಸಾದ ಸೆಕ್ಯುರಿಟಿ ಸರಪಳಿಯ ಮೇಲೆ ಅರ ಜಾರುತ್ತದೆ. ಕಚ್ಚಿ ಪುಡಿ ಉದುರಿದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. 10 ಮಿ.ಮೀ. ದಪ್ಪ ಕನಿಷ್ಠ, 13 ಒಳ್ಳೆಯದು, 16 ಆದರೆ ಕೈಯಿಂದ ಒತ್ತುವ ಕಟರ್‌ನ ಆಸೆ ಬಿಡಬೇಕು. ಬೆಂಗಳೂರಿನಲ್ಲಿ ಚೈನ್ ಬ್ಲಾಕ್ ಮಾರುವ ಅಂಗಡಿಗಳಲ್ಲಿ ಸಿಗುವ ಗ್ರೇಡ್ 80 ಸರಪಳಿಯೂ ಆದೀತು. ಅದು ಭಾರ ಎತ್ತಲು ಮಾಡಿದ್ದು, ಅರ ಸ್ವಲ್ಪ ಕಚ್ಚುತ್ತದೆ, ಆದ್ದರಿಂದ 13 ಮಿ.ಮೀ.ಗಿಂತ ತೆಳ್ಳಗಿನದು ಬೇಡ. ಮೀಟರಿಗೆ ನಾಲ್ಕು ಕಿಲೋ ಹತ್ತಿರ ತೂಗುತ್ತದೆ. ಮನೆಯಲ್ಲೇ ಇರುವುದಕ್ಕೆ ತೂಕದ ಚಿಂತೆಯೇಕೆ.

ಸರಪಳಿ ಎಲ್ಲಿ ಹಾಯಬೇಕು ಎಂಬುದರಲ್ಲಿ ಹೆಚ್ಚಿನವರು ಸೋಲುತ್ತಾರೆ. ಮುಂಚಕ್ರಕ್ಕೆ ಕಟ್ಟಿದರೆ ಒಂದು ಆಕ್ಸಲ್ ಬಿಚ್ಚಿ, ಚಕ್ರ ನಿಮಗೇ ಬಿಟ್ಟು, ಉಳಿದದ್ದನ್ನು ಹೊತ್ತೊಯ್ಯುತ್ತಾರೆ. ಹಿಂಚಕ್ರದ ಕಡ್ಡಿಗಳ ನಡುವೆ ಮಾತ್ರ ಹಾಯಿಸಿದರೂ ಅದೇ ಕತೆ. ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ನ ಎರಡು ತೋಳುಗಳ ನಡುವೆ, ಟಯರಿಗೂ ಅದು ಫ್ರೇಮಿಗೆ ಸೇರುವ ಪಿವಟ್‌ಗೂ ಮಧ್ಯೆ ಇರುವ ಸಂದಿಯಲ್ಲಿ ಹಾಯಿಸಿ, ಆಗುವುದಾದರೆ ಫ್ರೇಮಿನ ಕೆಳಕೊಳವೆಯನ್ನೂ ಸುತ್ತಿ, ನೆಲದ ಬಾಗಿಗೆ ತಂದು ಬೀಗ ಹಾಕಿ. ಅಲ್ಯೂಮಿನಿಯಂ ಸ್ವಿಂಗ್ ಆರ್ಮ್ ಗೀಚದಂತೆ ಹಳೆಯ ಟ್ಯೂಬನ್ನು ಸರಪಳಿಗೆ ತೋಳಿನಂತೆ ತೊಡಿಸಿ.

ಸರಪಳಿ ನೆಲದ ಮೇಲೆ ಬಿದ್ದಿರಬಾರದು. ಕಟರ್‌ನ ಒಂದು ಹಿಡಿ ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರ ಹಾಕಿದರೆ ಬಲ ಎಷ್ಟೋ ಪಟ್ಟು ಹೆಚ್ಚುತ್ತದೆ. ಸಮ್ಮಟಿಗೆ ಏಟಿಗೂ ನೆಲವೇ ಅಡಿಗಲ್ಲು. ಅದಕ್ಕೇ ಸರಪಳಿ ಬೇಕಾದಷ್ಟೇ ಉದ್ದವಿರಲಿ, ಬಿಗಿಯಾಗಿರಲಿ. ಬೀಗದ ಕೊಕ್ಕೆ ಹೊರಗೆ ಕಾಣದಂಥ ಮುಚ್ಚಿದ ಮಾದರಿ ತೆಗೆದುಕೊಳ್ಳಿ. ಕೀಲಿಕಂಡಿ ಕೆಳಮುಖವಾಗಿರಲಿ, ಇಲ್ಲವಾದರೆ ನಮ್ಮ ಕೆಂಪು ದೂಳು ಸೇರಿ ಆರು ತಿಂಗಳಿಗೆ ಕೀ ತಿರುಗುವುದಿಲ್ಲ. ಗ್ರೀಸ್ ಹಚ್ಚಿದರೆ ದೂಳು ಇನ್ನಷ್ಟು ಅಂಟುತ್ತದೆ. ಗ್ರಾಫೈಟ್ ಪುಡಿ ಉದುರಿಸಿ.

ಬ್ಯಾಟರಿ ಗ್ರೈಂಡರ್ ತಂದವನಿಗೆ ಯಾವ ಸರಪಳಿಯೂ ಕೆಲವು ನಿಮಿಷಗಳ ಕೆಲಸ. ಆದರೆ ಗ್ರೈಂಡರ್ ಕಿರುಚುತ್ತದೆ, ಕಿಡಿ ಹಾರುತ್ತದೆ. ಅದಕ್ಕೇ ಗುಂಡಿಯನ್ನು ಆದಷ್ಟು ಮಲಗುವ ಕೋಣೆಯ ಕಿಟಕಿಯ ಪಕ್ಕವೇ ತೆಗೆಯಿರಿ.

ಬಾಗಿಲು, ಶೀಟು

ಬಹುಪಾಲು ಬೈಕುಗಳು ಇರುವುದು ಶೀಟಿನ ಶೆಡ್ಡಿನಲ್ಲಿ, ಇಲ್ಲವೇ ಹುಳ ಸಾಕುವುದನ್ನು ನಿಲ್ಲಿಸಿದ ರೇಷ್ಮೆ ಮನೆಯಲ್ಲಿ. ಶೆಡ್ಡಿನ ಬಾಗಿಲಿಗೆ ಎಂಥ ಬೀಗ ಹಾಕಿದರೂ ಶೀಟನ್ನು ಹಿಡಿದಿರುವುದು ಹೊರಗಿನಿಂದ ತಿರುಗುವ 8 ಮಿ.ಮೀ. ತಲೆಯ ಸ್ಕ್ರೂಗಳು. ಕೈಗೆಟಕುವ ಎತ್ತರದವರೆಗೆ ಪ್ರತಿ ಶೀಟಿನ ಒಂದೆರಡು ಸ್ಕ್ರೂ ತೆಗೆದು, ಗುಂಡುತಲೆಯ ಬೋಲ್ಟ್ ಹಾಕಿ ಒಳಗಡೆ ನಟ್ ಬಿಗಿಯಿರಿ. ಗೇಟನ್ನು ಬೀಗವಿದ್ದಂತೆಯೇ ಕೀಲಿನಿಂದ ಮೇಲೆತ್ತಿ ತೆಗೆಯಲು ಬರುತ್ತದೆಯೇ ನೋಡಿ. ಬರುವುದಾದರೆ ಮೇಲಿನ ಕೀಲಿನ ಗೂಟದ ತಲೆಗೆ ಒಂದು ವಾಷರ್ ವೆಲ್ಡ್ ಮಾಡಿಸಿ. ಚಿಲಕದ ಸ್ಕ್ರೂಗಳು ಬಾಗಿಲು ಮುಚ್ಚಿದಾಗ ಹೊರಗೆ ಕಾಣುತ್ತಿದ್ದರೆ ಆ ಚಿಲಕ ಅಲಂಕಾರಕ್ಕೆ.

ಟ್ರ್ಯಾಕರ್

ಬೈಕಿನ ಬ್ಯಾಟರಿಗೆ ವೈರು ಜೋಡಿಸುವ ಜಿಪಿಎಸ್ ಟ್ರ್ಯಾಕರ್ ಸದಾ 20 ಮಿಲಿಆಂಪಿಯರ್ ಹೀರಿದರೆ ದಿನಕ್ಕೆ ಅರ್ಧ ಆಂಪಿಯರ್-ಅವರ್. 6 ಆಂಪಿಯರ್-ಅವರ್ ಬ್ಯಾಟರಿ ಒಂದು ವಾರದೊಳಗೆ ಅರ್ಧ ಖಾಲಿ. ವಾರಕ್ಕೊಮ್ಮೆ ಓಡಿಸುವ ಬೈಕಿಗೆ, ಬೈಕು ನಿಂತಾಗ ತಾನೂ ನಿದ್ದೆ ಹೋಗುವ ಮಾದರಿಯೇ ಬೇಕು. ಬ್ಯಾಟರಿಯಿಲ್ಲದ ಕಿಕ್ಕರ್ ಬೈಕಿಗೆ ತನ್ನದೇ ಬ್ಯಾಟರಿಯ ಟ್ರ್ಯಾಕರ್. 2ಜಿ ಮಾತ್ರ ಹಿಡಿಯುವ ಅಗ್ಗದ ಯಂತ್ರಕ್ಕೆ ಜಿಯೋ ಸಿಮ್ ಹಾಕಬೇಡಿ, ಜಿಯೋಗೆ 2ಜಿ ಜಾಲವೇ ಇಲ್ಲ. ಏರ್‌ಟ್ಯಾಗ್‌ನಂಥ ಬಿಲ್ಲೆಗಳು ಸುತ್ತಮುತ್ತಲ ಫೋನುಗಳನ್ನು ನೆಚ್ಚಿಕೊಂಡಿವೆ: ಚಿಕ್ಕಬಳ್ಳಾಪುರದ ಜನನಿಬಿಡ ಬಿ.ಬಿ. ರಸ್ತೆಯಲ್ಲಿ ಕೆಲಸ ಮಾಡುತ್ತವೆ, ಪಾವಗಡದ ಹೊಲದ ಶೆಡ್ಡಿನಲ್ಲಿ ಮೌನ. ಸೀಟಿನಡಿ ಎಲ್ಲರೂ ಮೊದಲು ಹುಡುಕುವ ಜಾಗ. ಸೀಟಿನ ಸ್ಪಂಜನ್ನೇ ಕೊರೆದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೂರಿಸಿದರೆ ಮೇಲೆ ಲೋಹವಿಲ್ಲ, ಸಿಗ್ನಲ್ ಸಿಗುತ್ತದೆ.

ಮನೆಯನ್ನು ತೋರಿಸಿಕೊಡುವುದು

ಭಾನುವಾರ ಬೆಳಿಗ್ಗೆ ಸ್ಕಂದಗಿರಿ, ಆವಲಬೆಟ್ಟದ ಸುತ್ತ ಮಣ್ಣು ಮೆತ್ತಿಕೊಂಡು ಬಂದು, ಊರ ಮುಂದಿನ ವಾಟರ್ ಸರ್ವಿಸ್‌ನಲ್ಲಿ ತೊಳೆಸಿ, ಅಲ್ಲಿಂದ ನೇರ ಮನೆಗೆ ಹೋಗುವುದೆಂದರೆ ಡಂಗುರ ಸಾರಿದಂತೆ. ಮನೆಯಲ್ಲೇ ತೊಳೆಯಿರಿ. ಓಡಿಸಿದ ದಾರಿಯನ್ನು ನಕ್ಷೆಯಲ್ಲಿ ಹಂಚುವ ಸ್ಟ್ರಾವಾ ಆ್ಯಪ್ ಬಳಸುವವರು ಮನೆಯ ಸುತ್ತಿನ ಜಾಗ ಮರೆಮಾಡುವ ಸೆಟ್ಟಿಂಗ್ ಹಾಕಿಕೊಳ್ಳಿ. ಮಾರಾಟದ ಫೋಟೋದಲ್ಲಿ ಶೆಡ್ಡು, ಗೇಟು ಕಾಣದಿರಲಿ. ಕೊಳ್ಳುವವರನ್ನು ಪೆಟ್ರೋಲ್ ಬಂಕಿಗೆ ಕರೆಸಿ. ಹೊದಿಕೆ ಬೂದು ಬಣ್ಣದ್ದಿರಲಿ, ಕಂಪನಿಯ ಹೆಸರು ಬರೆದಿದ್ದು ಬೇಡ. ಹಬ್ಬಕ್ಕೆ ನಾಲ್ಕು ದಿನ ಊರಿಗೆ ಹೋಗುವಾಗ ಮುಂಚಕ್ರ ಬಿಚ್ಚಿ ಮನೆಯೊಳಗಿಡಿ, ಕಿಕ್ಕರ್ ಕಡ್ಡಿಯನ್ನೂ. ಕ್ಯಾಮೆರಾ ಇದ್ದರೆ ಕ್ಯಾಮೆರಾವನ್ನೂ ವೈಫೈ ರೌಟರನ್ನೂ ಯುಪಿಎಸ್‌ಗೆ ಸೇರಿಸಿ, ಕರೆಂಟು ಹೋದ ಹೊತ್ತಿಗೇ ಅದರ ಅಗತ್ಯ.

ಕಾಗದ, ಮತ್ತು ಮೊದಲ ಗಂಟೆ

ಥರ್ಡ್ ಪಾರ್ಟಿ ವಿಮೆ ಕಳವಿಗೆ ಬಿಡಿಗಾಸು ಕೊಡುವುದಿಲ್ಲ. ಸ್ವಂತ ಹಾನಿಯ ಭಾಗವೂ ಇರಬೇಕು. ಕಳವಾದರೆ ಕೈಗೆ ಬರುವುದು ಐಡಿವಿ, ಅಂದರೆ ವಿಮೆಯಲ್ಲಿ ಬರೆದ ಬೈಕಿನ ಬೆಲೆಯ ಲೆಕ್ಕ, ಎರಡರಿಂದ ಮೂರು ವರ್ಷದ ಬೈಕಿಗೆ ಹೊಸದರ ಬೆಲೆಯಲ್ಲಿ ಶೇಕಡಾ 30 ಕಳೆದು. ವಿಮೆಯವರು ಎರಡೂ ಮೂಲ ಕೀ ಕೇಳುತ್ತಾರೆ, ಆದ್ದರಿಂದ ಎರಡನೆಯದು ಬೀರುವಿನಲ್ಲಿರಲಿ. ಕೆಎ 06, 07, 40 ಯಾವ ನಂಬರೂ ಇಲ್ಲದ, ರೇಸಿಗೆಂದೇ ಮಾಡಿದ ಮೋಟೊಕ್ರಾಸ್ ಬೈಕಿಗೆ ಆರ್‌ಸಿ ಇಲ್ಲ, ಅದರ ಗುರುತೇ ಚಾಸಿ ನಂಬರು. ಹ್ಯಾಂಡಲ್ ಕೆಳಗಿನ ಫ್ರೇಮಿನ ಕೊರಳಲ್ಲಿ ಕೆತ್ತಿರುವ ಆ ನಂಬರಿನ ಸ್ಪಷ್ಟ ಫೋಟೋ, ಎಂಜಿನ್ ನಂಬರು, ಬಿಲ್ಲು, ಆಮದಿನ ಕಾಗದ ಎಲ್ಲವೂ ಫೋನಿನಾಚೆ ಇನ್ನೊಂದು ಕಡೆಯೂ ಇರಲಿ. ಚಾಸಿ ನಂಬರಿನ ಕೊನೆಯ ಆರು ಅಂಕೆಗಳನ್ನು ಕೆತ್ತುವ ಪೆನ್ನಿನಿಂದ ಸ್ವಿಂಗ್ ಆರ್ಮ್ ಒಳಮೈ, ಎರಡೂ ಹಬ್‌ಗಳ ಮೇಲೆ ಬರೆದಿಡಿ. ಬಿಡಿಭಾಗವಾಗಿ ಸಿಕ್ಕರೂ ನಿಮ್ಮದೆಂದು ತೋರಿಸಬಹುದು.

ಹೋದದ್ದು ತಿಳಿದ ಕ್ಷಣವೇ 112ಕ್ಕೆ ಕರೆ ಮಾಡಿ. ಚಿಕ್ಕಬಳ್ಳಾಪುರದಿಂದ ರಾಷ್ಟ್ರೀಯ ಹೆದ್ದಾರಿ 44 ಹಿಡಿದರೆ ಬಾಗೇಪಲ್ಲಿ ದಾಟಿ ಆಂಧ್ರ ಸೇರಲು ಗಂಟೆ ಸಾಕು. ಕೋಲಾರದಿಂದ ಮುಳಬಾಗಿಲು ದಾರಿಯೂ ಹಾಗೆಯೇ. ಎಷ್ಟು ಹೊತ್ತಿಗೆ ಹೋಯಿತು, ಯಾವ ಬಣ್ಣದ ಗಾಡಿ ಎಂಬುದನ್ನು ಹೇಳಿ, ಟೋಲ್ ಗೇಟಿನ ಕ್ಯಾಮೆರಾ ನೋಡಲು ಕೇಳಿಕೊಳ್ಳಿ. ಟ್ರ್ಯಾಕರ್ ಜಾಗ ತೋರಿಸಿದರೆ ಅದನ್ನು ಪೊಲೀಸರಿಗೆ ಕಳಿಸಿ, ಗೆಳೆಯರನ್ನು ಕಟ್ಟಿಕೊಂಡು ನೀವೇ ಬೆನ್ನು ಹತ್ತಬೇಡಿ. ಎಫ್‌ಐಆರ್ ಭಾರತೀಯ ನ್ಯಾಯ ಸಂಹಿತೆಯ 303ರ ಅಡಿ, ಮನೆಯೊಳಗಿಂದ ಕದ್ದಿದ್ದರೆ 305ರ ಅಡಿ ಆಗುತ್ತದೆ. ಚಾಸಿ ನಂಬರಿನ ಒಂದೊಂದು ಅಂಕೆಯನ್ನೂ ಓದಿ ನೋಡಿದ ಮೇಲೆ ಸಹಿ ಹಾಕಿ, ವಿಮೆ ಕಂಪನಿಗೆ ಅದೇ ದಿನ ಇಮೇಲ್ ಕಳಿಸಿ. ಪತ್ತೆಯಾಗಲಿಲ್ಲವೆಂಬ ಪೊಲೀಸರ ಅಂತಿಮ ವರದಿ ಬಂದ ಮೇಲೆಯೇ ವಿಮೆಯ ಕಡತ ಮುಗಿಯುವುದು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಅಷ್ಟರವರೆಗೆ ಸಾಲದ ಕಂತು ನಿಲ್ಲಿಸುವ ಹಾಗಿಲ್ಲ.