ಬ್ರಿಟನ್ನಿನಲ್ಲಿ ರಾಜಕಾರಣಿಯ ಸುಳ್ಳು ಮತ್ತು ಮತದಾರನ ಕೈಯಲ್ಲಿರುವ ಕಾನೂನು

ಭಾರತದ ಪಾಸ್‌ಪೋರ್ಟ್ ಹೊಂದಿ ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ವಯಸ್ಕ ಕನ್ನಡಿಗರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಇಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಳ್ಳುವುದು ಮತಕ್ಕಾಗಿ ಮಾತ್ರವಲ್ಲ. ಸುಳ್ಳು ಹೇಳಿ ಗೆದ್ದವರನ್ನು ಪ್ರಶ್ನಿಸುವ ಅಧಿಕಾರವೂ ಆ ಪಟ್ಟಿಯಿಂದಲೇ ದೊರೆಯುತ್ತದೆ.

ಇಲ್ಲಿನ 1983ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 106ನೆಯ ಕಲಮಿನ ಪ್ರಕಾರ, ಎದುರಾಳಿ ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯ ಅಥವಾ ನಡತೆಯ ಬಗ್ಗೆ ಚುನಾವಣೆಯ ಹೊತ್ತಿನಲ್ಲಿ ಸುಳ್ಳು ಸಂಗತಿಯನ್ನು ಪ್ರಕಟಿಸುವುದು ಅಪರಾಧ. ಅದು ನಿಜವೆಂದು ನಂಬಲು ತನಗೆ ಸಕಾರಣವಿತ್ತೆಂದು ತೋರಿಸಿಕೊಟ್ಟವನಿಗೆ ಮಾತ್ರ ವಿನಾಯಿತಿ. ಭಾರತದ 1951ರ ಕಾಯ್ದೆಯ 123(4)ನೆಯ ಕಲಮನ್ನು ಬಲ್ಲವರಿಗೆ ಇದು ಪರಿಚಿತವೆನಿಸುತ್ತದೆ. 2010ರಲ್ಲಿ ಓಲ್ಡ್‌ಹ್ಯಾಮ್ ಈಸ್ಟ್ ಅಂಡ್ ಸ್ಯಾಡಲ್‌ವರ್ತ್ ಕ್ಷೇತ್ರದಲ್ಲಿ ಲೇಬರ್ ಪಕ್ಷದ ಫಿಲ್ ವೂಲಾಸ್ ಕೇವಲ 103 ಮತಗಳಿಂದ ಗೆದ್ದರು. ಅವರ ಕರಪತ್ರಗಳು ಲಿಬರಲ್ ಡೆಮೊಕ್ರಾಟ್ ಅಭ್ಯರ್ಥಿಯನ್ನು ತೀವ್ರವಾದಿಗಳ ಬೆಂಬಲ ಕೋರುವವರೆಂದು ಬಿಂಬಿಸಿದ್ದವು. ಚುನಾವಣಾ ನ್ಯಾಯಾಲಯವು ಆ ಗೆಲುವನ್ನು ರದ್ದುಪಡಿಸಿ, ಮೂರು ವರ್ಷ ಸಂಸತ್ತಿಗೆ ಬರದಂತೆ ಅವರನ್ನು ಅನರ್ಹಗೊಳಿಸಿತು. 2011ರ ಜನವರಿಯಲ್ಲಿ ಉಪಚುನಾವಣೆ ನಡೆಯಿತು.

ಆದರೆ ಈ ಕಲಮು ಕಾಪಾಡುವುದು ಅಭ್ಯರ್ಥಿಯ ಮಾನವನ್ನೇ ಹೊರತು ಮತದಾರನ ವಿಶ್ವಾಸವನ್ನಲ್ಲ. ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬರಬೇಕೇ ಎಂಬ 2016ರ ಜನಮತಗಣನೆಯ ಪ್ರಚಾರದಲ್ಲಿ, ಆ ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಹೋಗುತ್ತಿದೆ ಎಂದ ಹೇಳಿಕೆಗಾಗಿ ಬೋರಿಸ್ ಜಾನ್ಸನ್ ವಿರುದ್ಧ ಖಾಸಗಿ ಫಿರ್ಯಾದು ದಾಖಲಾಗಿ 2019ರ ಮೇ ತಿಂಗಳಲ್ಲಿ ಸಮನ್ಸ್ ಹೊರಟಿತು. ಜೂನ್‌ನಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಇಷ್ಟು ದೊಡ್ಡ ತೀರ್ಮಾನದ ಮುನ್ನ ಕೋಟ್ಯಂತರ ಜನರ ಮುಂದಿಟ್ಟ ಅಂಕಿಗೆ ನ್ಯಾಯಾಲಯದಲ್ಲಿ ಉತ್ತರದಾಯಿತ್ವ ಇಲ್ಲದಿರುವುದು ಈ ವ್ಯವಸ್ಥೆಯ ನಿಜವಾದ ಕೊರತೆಯೆಂದೇ ನಾನು ಭಾವಿಸುತ್ತೇನೆ.

ಸದನದೊಳಗಿನ ಮಾತಿನ ಕುರಿತು ನ್ಯಾಯಾಲಯವು ಪ್ರಶ್ನಿಸದಂತೆ 1689ರ ಹಕ್ಕುಗಳ ಮಸೂದೆಯ 9ನೆಯ ವಿಧಿ ತಡೆಯುತ್ತದೆ. ಅಲ್ಲಿ ವಿಚಾರಣೆ ಸದನದ್ದೇ. ಕೋವಿಡ್ ನಿರ್ಬಂಧಗಳ ಕಾಲದಲ್ಲಿ ಪ್ರಧಾನಿ ಕಚೇರಿಯಲ್ಲಿ ನಡೆದ ಕೂಟಗಳ ವಿಷಯದಲ್ಲಿ, ಆಗ ಪ್ರಧಾನಿಯಾಗಿದ್ದ ಜಾನ್ಸನ್ ಉದ್ದೇಶಪೂರ್ವಕವಾಗಿ ಸದನದ ದಾರಿ ತಪ್ಪಿಸಿದರೆಂದು ಹಕ್ಕುಬಾಧ್ಯತಾ ಸಮಿತಿ 2023ರ ಜೂನ್‌ನಲ್ಲಿ ವರದಿ ಕೊಟ್ಟಿತು, ಅದಕ್ಕೆ ಕೆಲವೇ ದಿನ ಮೊದಲು ಅವರು ಸಂಸದ ಸ್ಥಾನಕ್ಕೆ ರಾಜೀನಾಮೆ ನೀಡಿದ್ದರು. ಸಂಸದನೊಬ್ಬ ಇಂಥ ವರದಿಯ ಮೇಲೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಲಾಪದ ದಿನ ಅಮಾನತಾದರೆ, 2015ರ ಕಾಯ್ದೆಯಂತೆ ಅವನ ಕ್ಷೇತ್ರದಲ್ಲಿ ಅವನನ್ನು ವಾಪಸು ಕರೆಸುವ (ರೀಕಾಲ್) ಅರ್ಜಿಯನ್ನು ಮತದಾರರ ಸಹಿಗಾಗಿ ಆರು ವಾರ ತೆರೆದಿಡಲಾಗುತ್ತದೆ. ನೋಂದಾಯಿತ ಮತದಾರರಲ್ಲಿ ಶೇ. 10ರಷ್ಟು ಮಂದಿ ಸಹಿ ಹಾಕಿದರೆ ಸ್ಥಾನ ತೆರವಾಗುತ್ತದೆ. ಆ ಸಹಿ ಹಾಕುವ ಅರ್ಹತೆ ನಿಮಗೂ ಇದೆ.

ಚುನಾವಣಾ ತಕರಾರು ಅರ್ಜಿಯನ್ನು ಆ ಕ್ಷೇತ್ರದ ಮತದಾರರೇ ಸಲ್ಲಿಸಬಹುದು. ಆದರೆ ಭಾರತದ 45 ದಿನಗಳ ಕಾಲಾವಕಾಶ ಇಲ್ಲಿಲ್ಲ; ಸಾಮಾನ್ಯವಾಗಿ 21 ದಿನಗಳೊಳಗೆ ಸಲ್ಲಿಸಿ, ಖರ್ಚಿನ ಭದ್ರತೆಯಾಗಿ 5,000 ಪೌಂಡ್‌ವರೆಗೆ ಇಡಬೇಕಾಗುತ್ತದೆ. ಆದ್ದರಿಂದ ಬಾಗಿಲಿಗೆ ಬಂದ ಕರಪತ್ರಗಳನ್ನು ಫಲಿತಾಂಶ ಬಂದ ಮೇಲೂ ಒಂದು ತಿಂಗಳು ಎತ್ತಿಟ್ಟುಕೊಳ್ಳಿ. ಮುದ್ರಕರ ಮತ್ತು ಪ್ರಚಾರಕರ ಹೆಸರು, ವಿಳಾಸ ಅದರಲ್ಲಿ ಇರಲೇಬೇಕೆಂಬುದು ಕಾನೂನು, ದೂರು ಯಾರ ಮೇಲೆ ಎಂಬುದನ್ನು ತೋರಿಸಲು ಆ ಸಣ್ಣಕ್ಷರದ ಸಾಲು ಬೇಕಾಗುತ್ತದೆ.