ಶಿಡ್ಲಘಟ್ಟದ ಫಿಲೇಚರ್‌ನಲ್ಲಿ ಬೆರಳು ಉಳಿಸೋಕೆ ಹೋಗಿದ್ದು: ನನ್ನ ಅನುಭವ

ನಾನು ನರ್ಸಿಂಗ್ ಓದಿರೋಳು, ಚಿಕ್ಕಬಳ್ಳಾಪುರದಲ್ಲಿ ಒಂದು ಸಣ್ಣ ಸಂಸ್ಥೇಲಿ ಕೆಲಸ. ಶಿಡ್ಲಘಟ್ಟದ ಫಿಲೇಚರ್‌ಗಳಲ್ಲಿ, ಅಂದ್ರೆ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚೋ ಯೂನಿಟ್‌ಗಳಲ್ಲಿ, ದುಡಿಯೋ ಹೆಂಗಸರ ಆರೋಗ್ಯ ನೋಡ್ಕೊಳ್ಳಿ ಅಂತ ನನ್ನ ಕಳಿಸಿದ್ರು. ಮೊದಲ ಮೂರು ತಿಂಗಳು ನಾನು ಮಾಡಿದ್ದೆಲ್ಲ ದಂಡ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ.

ಒಳಗೆ ಹೋದವರಿಗೆ ಗೊತ್ತು ಅಲ್ಲಿ ಹೆಂಗಿರುತ್ತೆ ಅಂತ. ಬೆಂದ ಗೂಡಿನ ವಾಸನೆ, ಸೌದೆ ಹೊಗೆ, ಹಬೆ, ಮಧ್ಯದಲ್ಲಿ ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಬೇಸಿನ್‌ನ ಬಿಸಿನೀರಲ್ಲಿ ಕೈ ಅದ್ದಿಕೊಂಡೇ ಎಳೆ ಹುಡುಕೋದು. ನೀರಲ್ಲಿ ಗೂಡಿನ ಅಂಟು, ಹುಳದ ರಸ ಎಲ್ಲಾ ಸೇರಿರುತ್ತೆ. ಚರ್ಮ ನೆಂದು ಬೆಳ್ಳಗಾಗಿ ಬಿರಿಯುತ್ತೆ, ಬೆರಳ ಸಂದೀಲಿ ಹುಣ್ಣು, ಉಗುರಿನ ಸುತ್ತ ಕೀವು. ರಾತ್ರಿ ಮುದ್ದೆ ಮುರಿದು ಸಾರಲ್ಲಿ ಅದ್ದೋಕಾಗಲ್ಲ, ಖಾರ ಉರಿಯುತ್ತೆ ಅಂತ ಚಮಚ ಇಟ್ಕೊಂಡಿದ್ದ ಅಕ್ಕ ಒಬ್ರಿದ್ರು.

ನಾನು ಏನ್ ಮಾಡ್ದೆ, ರಬ್ಬರ್ ಗ್ಲೌಸ್ ತಗೊಂಡೋಗಿ ಹಂಚಿದೆ. ಒಂದು ಗಂಟೇನೂ ಇರ್ಲಿಲ್ಲ. "ಮೇಡಮ್ಮ, ಇದಾಕ್ಕೊಂಡ್ರೆ ಎಳೆ ಕೈಗೇ ಸಿಕ್ಕಲ್ಲ" ಅಂದ್ರು. ನಿಜಾನೆ, ಕೂದಲಿಗಿಂತ ಸಣ್ಣ ಎಳೆ ಅದು, ಬೆರಳ ತುದಿಗೆ ತಾಗದೆ ಹೆಂಗೆ ಹಿಡೀತಾರೆ. ಆಮೇಲೆ ಕೆಲಸಕ್ಕೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಕೊಳ್ಳಿ ಅಂದೆ, ನೂಲಿಗೆ ಎಣ್ಣೆ ಕಲೆ ಆಗುತ್ತೆ ಅಂತ ಯಜಮಾನರು ಬೈದ್ರು. ಭಾನುವಾರ ಕ್ಯಾಂಪ್ ಇಟ್ರೆ ನಾಲ್ಕೇ ಜನ, ಮಿಕ್ಕೋರು ಬಟ್ಟೆ ಒಗೆಯೋಕೆ ಹೋಗಿದ್ರು, ಇರೋ ಒಂದು ರಜೇನ ನನಗ್ಯಾಕೆ ಕೊಡ್ತಾರೆ ಹೇಳಿ.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಯಜಮಾನರ ಜೊತೆ ಟೀ ಕುಡೀತಾ ಕೂತಿದ್ದೆ, ಮಾರ್ಕೆಟಲ್ಲಿ ಗೂಡು ದುಬಾರಿ ಆಯ್ತು, ನೂಲು ಮಾತ್ರ ಮಂಕಾಗಿ ಬರ್ತಿದೆ, ರೇಟ್ ಕಮ್ಮಿ ಕೇಳ್ತಾರೆ ಅಂತ ಅವರ ಗೋಳು. ಅಲ್ಲೇ ಇದ್ದ ಹಳೇ ಕೆಲಸದ ಅಕ್ಕ "ಭಾಯ್, ನೀರು ಬದಲಾಯಿಸ್ದೆ ಹಂಗೇ ಓಡಿಸಿದ್ರೆ ನೂಲು ಬೆಳ್ಳಗೆ ಎಲ್ಲಿಂದ ಬರುತ್ತೆ" ಅಂದ್ಬಿಟ್ರು. ನನಗೆ ಅಲ್ಲೇ ಹೊಳೀತು, ನೂಲು ಕೆಡಿಸೋ ನೀರೇ ಬೆರಳನ್ನೂ ಕೆಡಿಸ್ತಿದೆ. ಬೆರಳಿನ ಮಾತು ಬಿಟ್ಟು ನೂಲಿನ ಮಾತೇ ಹಿಡಕೊಂಡೆ. ಒಂದು ವಾರ ಎರಡು ಬೇಸಿನ್‌ಗೆ ಮಾತ್ರ ಹೆಚ್ಚು ಸಲ ನೀರು ಬದಲಾಯಿಸಿ ನೋಡಿ ಅಂದೆ. ಸೌದೆ ಖರ್ಚು ಜಾಸ್ತಿ ಆಗುತ್ತೆ ಅಂತ ಗೊಣಗಿದ್ರು, ಆದ್ರೂ ಮಾಡಿದ್ರು. ವಾರ ಆದ್ಮೇಲೆ ಎರಡೂ ನೂಲು ಪಕ್ಕಪಕ್ಕ ಇಟ್ಟು ನೋಡಿದೋರು ಅವರೇ, ನಾನು ಬಾಯಿ ಬಿಡ್ಲಿಲ್ಲ, ನೀರು ಬದಲಾಯಿಸೋದು ಮುಂದುವರೀತು.

ನೀರು ಬದಲಾಯಿಸೋ ಆ ಹತ್ತು ನಿಮಿಷವೇ ನಮ್ಮ ಕ್ಲಾಸ್ ಆಯ್ತು. ಕೂಲಿ ಕಟ್ ಆಗಲ್ಲ, ಕೈಯೂ ಖಾಲಿ. ಒಂದು ಬಕೆಟ್ ಒಳ್ಳೇ ನೀರು, ಒಂದು ಹಳೇ ಕಾಟನ್ ಬಟ್ಟೆ, ಕೈ ತೊಳೆದು ಬೆರಳ ಸಂದಿ ಸಂದಿ ಒರೆಸೋದು, ಎಣ್ಣೆ ಮಾತ್ರ ರಾತ್ರಿ ಮಲಗುವಾಗ. ಗೂಡು ಬೇಯಿಸೋರು, ಎಳೆ ಹಿಡಿಯೋರು, ಜುಟ್ಟು (ನೂಲಾಗದ ವೇಸ್ಟ್ ಎಳೆ) ಎತ್ತೋರು ಅದಲು ಬದಲು ಆಗೋ ಹಂಗೂ ಮಾಡಿದ್ವಿ, ಇದಕ್ಕೆ ಜಗಳ ಆಯ್ತು, ಎಳೆ ಹಿಡಿಯೋರಿಗೆ ಕೂಲಿ ಜಾಸ್ತಿ ಅಲ್ವಾ. ಕೊನೆಗೆ ಕೈ ಹುಣ್ಣಾದೋರಿಗೆ ಮಾತ್ರ ಎರಡು ದಿನ ನೀರು ಮುಟ್ಟದ ಒಣ ಕೆಲಸ, ಕೂಲಿ ಅಷ್ಟೇ ಅಂತ ತೀರ್ಮಾನ.

ರಕ್ತ ಪರೀಕ್ಷೆ ಮಾಡಿದಾಗ 8 ಜನದಲ್ಲಿ 6 ಜನಕ್ಕೆ ಹಿಮೋಗ್ಲೋಬಿನ್ 12ಕ್ಕಿಂತ ಕಮ್ಮಿ, ಅಂದ್ರೆ ರಕ್ತಹೀನತೆ. ಸರ್ಕಾರಿ ಆಸ್ಪತ್ರೆಯಿಂದ ಕಬ್ಬಿಣದ ಮಾತ್ರೆ ತಂದ್ಕೊಟ್ಟೆ, ಕಕ್ಕಸು ಕಪ್ಪಗಾಯ್ತು ಅಂತ ಹೆದರಿ ಬಿಸಾಕಿದ್ರು, ತಪ್ಪು ನಂದು, ಮೊದ್ಲೇ ಹೇಳ್ಬೇಕಿತ್ತು. ಮಾತ್ರೆ ನುಂಗಿ ಮೇಲೆ ಟೀ ಕುಡೀತಿದ್ರು ಬೇರೆ, ಟೀ ಜೊತೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ. ಮಾತ್ರೆಗೂ ಟೀಗೂ ಒಂದೆರಡು ಗಂಟೆ ಗ್ಯಾಪ್ ಇಡಿ, ನಿಂಬೆಹಣ್ಣು ಹಿಂಡ್ಕೊಳ್ಳಿ ಅಂತ ಎರಡನೇ ಸಲ ಸರಿಯಾಗಿ ಹೇಳ್ದೆ.

ಇನ್ನೊಂದು, ನೀರು ಜಾಸ್ತಿ ಕುಡೀರಿ ಅಂತ ನಾನು ಹೇಳ್ತಾನೇ ಇದ್ದೆ, ಎಲ್ಲರೂ ತಲೆ ಆಡಿಸ್ತಿದ್ರು, ಯಾರೂ ಕುಡೀತಿರ್ಲಿಲ್ಲ. ಹೆಂಗ್ ಕುಡೀತಾರೆ, ಯೂನಿಟಲ್ಲಿ ಹೆಂಗಸರಿಗೆ ಟಾಯ್ಲೆಟ್ಟೇ ಇರ್ಲಿಲ್ಲ, ಉರಿಮೂತ್ರ ಅರ್ಧ ಜನಕ್ಕೆ. ಹಿಂದಿನ ಸ್ಟೋರ್ ರೂಮ್ ಪಕ್ಕ ಒಂದು ಕಟ್ಟಿಸೋಕೆ ಐದು ತಿಂಗಳು ಹಿಡೀತು.

ಯೂನಿಟಲ್ಲಿ 10 ಜನಕ್ಕಿಂತ ಕಮ್ಮಿ ಇರೋದ್ರಿಂದ ಇಎಸ್ಐ (ಕೆಲಸಗಾರರ ಆರೋಗ್ಯ ವಿಮೆ) ಕಡ್ಡಾಯ ಅಲ್ಲ, ಹಂಗಾಗಿ ಇವ್ರಿಗೆ ಅದು ಇರ್ಲಿಲ್ಲ. ಬಿಪಿಎಲ್ ಕಾರ್ಡ್ ಇದ್ದೋರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡ್ ಮಾಡಿಸಿದ್ವಿ, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೂ ಚಿಕಿತ್ಸೆ ಖರ್ಚು ಇದೆ ಅದರಲ್ಲಿ. ಒಬ್ಬಮ್ಮ ಎರಡು ವಾರ ದಾಟಿದ ಕೆಮ್ಮು ಮುಚ್ಚಿಟ್ಟಿದ್ರು, ಅಡ್ವಾನ್ಸ್ ತಗೊಂಡಿದ್ದೀನಿ, ಟಿಬಿ ಅಂದ್ರೆ ಕೆಲಸದಿಂದ ತೆಗೆದ್ರೆ ಏನ್ ಗತಿ ಅನ್ನೋ ಭಯ. ಕಫ ಪರೀಕ್ಷೆಗೆ ನಾನೇ ಜೊತೇಲಿ ಹೋದೆ, ಟಿಬಿ ಇರ್ಲಿಲ್ಲ, ಸೌದೆ ಹೊಗೆಗೆ ಹಿಡಿದ ಕೆಮ್ಮು.

ಆ ಹೊಗೆ ವಿಷಯದಲ್ಲಿ ನನ್ ಕೈಲಿ ಇನ್ನೂ ಏನೂ ಆಗಿಲ್ಲ. ಚಿಮಣಿ ಎತ್ತರಿಸೋಣ ಅಂದ್ರೆ ಯೂನಿಟ್ ಇರೋದು ಬಾಡಿಗೆ ಜಾಗದಲ್ಲಿ, ಮಾಳಿಗೆ ತೂತು ಮಾಡೋಕೆ ಬಿಲ್ಡಿಂಗ್ ಓನರ್ ಒಪ್ತಿಲ್ಲ. ಮುಂದಿನ ವಾರ ನಮ್ಮ ಯಜಮಾನರು ಭಾಯ್‌ನ ಕರ್ಕೊಂಡು ಆ ಓನರ್ ಮನೆಗೇ ಹೋಗೋದು ಅಂತಿದ್ದೀವಿ.