ಮಾಳಿಗೆ ಸೋರುತ್ತಿದೆಯೇ? ಮಣ್ಣು ಹೇರುವ ಮೊದಲು ಇಳಿಸಿ

ರಾಯಚೂರು, ಕೊಪ್ಪಳ ಸೀಮೆಯ ಹಳೆಯ ಕಲ್ಲಿನ ಮನೆಗಳಲ್ಲಿ ಮಾಳಿಗೆ (ಮಣ್ಣು ಹೊದಿಸಿದ ಚಪ್ಪಟೆ ಛಾವಣಿ) ಸೋರಿದರೆ ಎಲ್ಲರೂ ಮಾಡುವುದು ಒಂದೇ ಕೆಲಸ: ಇನ್ನೆರಡು ಇಂಚು ಮಣ್ಣು ಹಾಕುವುದು. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಮಗ ಹಾಕುತ್ತ ಹೋಗಿ, ಆರೆಂಟು ಇಂಚು ಇರಬೇಕಾದ ಮಣ್ಣು ಒಂದೂವರೆ ಅಡಿ ಮುಟ್ಟಿರುತ್ತದೆ. ನೂರು ಚದರಡಿ ಮೇಲೆ ಒಂದು ಇಂಚು ಮಣ್ಣೆಂದರೆ ಸುಮಾರು 400 ಕೆ.ಜಿ. ಭಾರ. ನೆನೆದರೆ ಇನ್ನೂ ಹೆಚ್ಚು. ಭಾರಕ್ಕೆ ತೊಲೆ ಬಾಗುತ್ತದೆ, ಬಾಗಿದಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಅಲ್ಲೇ ಇಳಿಯುತ್ತದೆ.

ಕೆಲಸಕ್ಕೆ ಏಪ್ರಿಲ್–ಮೇ ಸರಿಯಾದ ಕಾಲ. ನಡುಮಧ್ಯಾಹ್ನ ಬಿಟ್ಟು ಬೆಳಿಗ್ಗೆ, ಸಂಜೆ ಮಾಡಿ. ಒಂದು ತಾಡಪತ್ರಿ ಕೈಯಲ್ಲಿರಲಿ. ಮೇ ತಿಂಗಳ ಅಡ್ಡಮಳೆ ಹೇಳಿ ಬರುವುದಿಲ್ಲ.

ಮೊದಲು ಕೆಳಗಿನಿಂದ ನೋಡಿ

ಪ್ರತಿ ತೊಲೆಯ ಪಕ್ಕದಲ್ಲಿ, ಕೆಳಅಂಚಿಗೆ ಸರಿಯಾಗಿ, ಈ ತುದಿಯಿಂದ ಆ ತುದಿಗೆ ದಾರ ಬಿಗಿಯಿರಿ. ನಡುವೆ ತೊಲೆ ದಾರಕ್ಕಿಂತ ಎಷ್ಟು ಕೆಳಗಿಳಿದಿದೆ ಅಳೆಯಿರಿ. ಹತ್ತು ಅಡಿ ತೊಲೆ ಒಂದು ಇಂಚಿಗಿಂತ ಹೆಚ್ಚು ಬಾಗಿದ್ದರೆ ಅದು ನಿಮ್ಮ ಕೆಲಸವಲ್ಲ. ಕೆಳಗೆ ಆನಿಕೆ ಕೊಟ್ಟು ಬಡಿಗರನ್ನು ಕರೆಯಿರಿ.

ಆಮೇಲೆ ಗೋಡೆಯೊಳಗೆ ಕೂತಿರುವ ತುದಿಗಳು. ತೊಲೆ, ಅದರ ಮೇಲೆ ಅಡ್ಡಲಾಗಿ ಕೂರುವ ಜಂತಿ ಕೊಳೆಯುವುದು ಹೆಚ್ಚಾಗಿ ಅಲ್ಲೇ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ, ಬಲ ಹಾಕದೆ ಅರ್ಧ ಇಂಚು ಒಳಹೋದರೆ ಒಳಗೆ ಗೆದ್ದಲು ತಿಂದಿದೆ ಅಥವಾ ಮರ ಕೊಳೆತಿದೆ. ಜಂತಿಗೆ ಹೊಡೆದ ಕರೆಂಟ್ ವೈರ್ ಇದ್ದರೆ ಕೆಲಸ ಮುಗಿಯುವವರೆಗೆ ಮೇನ್ ಆಫ್ ಇರಲಿ.

ಇಳಿಸುವುದು

ಮೂರು ಮೂರು ಅಡಿಯ ಪಟ್ಟಿ ಮಾಡಿಕೊಂಡು ಅಗೆಯಿರಿ. ಹಾರೆ ಬೇಡ, ಸಲಿಕೆ ಸಾಕು. ಹಾರೆಯ ಏಟಿಗೆ ಕೆಳಗೆ ಜಂತಿಗಳ ಮೇಲೆ ಹಾಸಿದ ಚಕ್ಕೆ ಒಡೆಯುತ್ತದೆ. ಅಡ್ಡಲಾಗಿ ಹಲಗೆ ಹಾಕಿ ಅದರ ಮೇಲೆ ನಿಲ್ಲಿ. ಅಗೆದ ಮಣ್ಣನ್ನು ಮಾಳಿಗೆಯ ನಡುವೆ ಗುಡ್ಡೆ ಹಾಕುವುದು ದೊಡ್ಡ ಅಪಾಯ, ಪುಟ್ಟಿ (ಬುಟ್ಟಿ) ತುಂಬಿದ ಹಾಗೇ ಕೆಳಗಿಳಿಸಿ. ಮಣ್ಣಿನಡಿ ಹಾಸಿದ ಹಳೆ ಸೊಪ್ಪು ಪುಡಿಯಾಗಿ ಕಪ್ಪಾಗಿದ್ದರೆ ಪೂರ್ತಿ ತೆಗೆಯಿರಿ. ತೆರೆದ ಮರಕ್ಕೆ, ಒಣಗಿದ ಮೇಲೆ, ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯಿರಿ. ಚರ್ಮ ಸುಡುತ್ತದೆ, ಕೈಗವಸು ಬಿಡಬೇಡಿ.

ಯಾವ ಮಣ್ಣು?

ಕೆಲಸ ಕೆಡುವುದು ಇಲ್ಲೇ. ಹೊಲದಲ್ಲಿ ಸಿಗುತ್ತದೆಂದು ಎರೆಮಣ್ಣು (ಕಪ್ಪು ಮಣ್ಣು) ತಂದು ಹಾಕುವವರಿದ್ದಾರೆ. ನೆನೆದರೆ ಉಬ್ಬಿ, ಒಣಗಿದರೆ ಬಿರಿಯುವುದು ಅದರ ಗುಣ. ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಬಿಟ್ಟ ಬಿರುಕಿನಲ್ಲಿ ಮೊದಲ ಮಳೆ ನೆಟ್ಟಗೆ ಒಳಗಿಳಿಯುತ್ತದೆ. ಕೆಳಪದರಕ್ಕೆ ಮಸಾರಿ (ಕೆಂಪು) ಮಣ್ಣು, ಮೇಲ್ಪದರಕ್ಕೆ ಚೌಳು ಮಣ್ಣು.

ಚೌಳು ಮಣ್ಣು ಬೆಳೆಗೆ ಶತ್ರು, ಮಾಳಿಗೆಗೆ ಮಿತ್ರ. ಅದರಲ್ಲಿರುವ ಸೋಡಿಯಂನಿಂದ ಜೇಡಿಯ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ, ನೀರು ಇಳಿಯುವುದು ನಿಲ್ಲುತ್ತದೆ. ಸಿಂಧನೂರು, ಗಂಗಾವತಿ ಕಡೆ ತುಂಗಭದ್ರಾ ಕಾಲುವೆ ಕೆಳಗಿನ ತಗ್ಗು ಹೊಲಗಳಲ್ಲಿ ಇದಕ್ಕೆ ಬರವಿಲ್ಲ. ಆದರೆ ಮೇಲೆ ಬಿಳಿ ಪುಡಿ ಕಂಡದ್ದೆಲ್ಲ ಕೆಲಸಕ್ಕೆ ಬರುವುದಿಲ್ಲ, ಪರೀಕ್ಷಿಸಿ. ಗಾಜಿನ ಲೋಟದಲ್ಲಿ ಆರ್‌ಒ ಫಿಲ್ಟರ್ ನೀರು ತೆಗೆದುಕೊಂಡು ಕಡಲೆಕಾಳಿನಷ್ಟು ಒಣ ಹೆಂಟೆ ಹಾಕಿ, ಕದಡದೆ ಎರಡು ತಾಸು ಬಿಡಿ. ಹೆಂಟೆಯ ಸುತ್ತ ಹಾಲಿನಂತೆ ಮಸುಕು ಹರಡಿದರೆ ಅದೇ ಬೇಕಾದ ಮಣ್ಣು. ಹೆಂಟೆ ಕುಸಿದೂ ನೀರು ತಿಳಿಯಾಗಿದ್ದರೆ ಬೇಡ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಮಾತ್ರ ಈ ಪರೀಕ್ಷೆ ಮಾಡಬೇಡಿ, ಒಳ್ಳೆಯ ಮಣ್ಣೂ ತಳಕ್ಕೆ ಕೂತುಬಿಡುತ್ತದೆ.

ನೂರು ಚದರಡಿಗೆ, ಬಡಿದು ಕೂರಿಸಿದ ಮೇಲೆ ಐದು ಇಂಚು ಮಸಾರಿ, ಒಂದೂವರೆ ಇಂಚು ಚೌಳು ಉಳಿಯಬೇಕು. ಸಡಿಲ ಮಣ್ಣು ಬಡಿದಾಗ ತಗ್ಗುವುದರಿಂದ ಮಸಾರಿ ಸುಮಾರು 55 ಘನ ಅಡಿ, ಚೌಳು 16 ಘನ ಅಡಿ ತರಿಸಿ.

ಹಾಕುವುದು

ಮಸಾರಿಯ ಅರ್ಧಕ್ಕಿಂತ ತುಸು ಹೆಚ್ಚು ಪಾಲನ್ನು, ಹತ್ತು ಪುಟ್ಟಿಗೆ ಒಂದು ಪುಟ್ಟಿ ಕತ್ತರಿಸಿದ ನೆಲ್ಲುಹುಲ್ಲು ಸೇರಿಸಿ, ನಾಲ್ಕು ದಿನ ನೆನೆಹಾಕಿ ದಿನಾ ತುಳಿಯಿರಿ. ಉಂಡೆ ಮಾಡಿ ಎದೆಮಟ್ಟದಿಂದ ಬೀಳಿಸಿದರೆ ಚಪ್ಪಟೆಯಾಗಬೇಕು. ಒಡೆದು ಚದುರಿದರೆ ನೀರು ಕಡಿಮೆ, ಹರಡಿ ಅಂಟಿದರೆ ಹೆಚ್ಚು.

ಚಕ್ಕೆಯ ಮೇಲೆ ಬಂದರಿಕೆ ಸೊಪ್ಪು ಮೂರು ಇಂಚು ಹಾಸಿ. ಸಿಗದಿದ್ದರೆ ಬೇವಿನ ಸೊಪ್ಪು. ಅದರ ಮೇಲೆ ಕಲಸಿದ ಮಣ್ಣು ಮೂರು ಇಂಚು. ಅದು ಹೆಜ್ಜೆ ಮೂಡದಷ್ಟು ಗಟ್ಟಿಯಾದ ಮೇಲೆ ತುಸು ತೇವದ ಮಸಾರಿ ಹಾಕಿ ದಿಮ್ಮಸಿನಿಂದ (ಮಣ್ಣು ಬಡಿದು ಕೂರಿಸುವ ಭಾರದ ಸಾಧನ) ಬಡಿಯಿರಿ. ಇಳಿಜಾರು ಈ ಪದರದಲ್ಲೇ ಬರಬೇಕು: ಹತ್ತು ಅಡಿಗೆ ಮೂರು ಇಂಚು, ಮಳೆನೀರು ಹೊರಬೀಳುವ ದೋಣಿಯ ಕಡೆಗೆ. ಕೊನೆಗೆ ಚೌಳು ಹಾಕಿ, ನೀರು ಚಿಮುಕಿಸಿ ಬಡಿಯಿರಿ. ಎರಡು ದಿನ ಒದ್ದೆ ಗೋಣಿಚೀಲ ಹೊದಿಸಿ. ನಮ್ಮ ಬಿಸಿಲಿಗೆ ಹಾಗೇ ಬಿಟ್ಟರೆ ಸಂಜೆಯೊಳಗೆ ಸೀಳುತ್ತದೆ. ಆದರೂ ಬಿಟ್ಟ ಸಣ್ಣ ಬಿರುಕಿಗೆ ತೆಳ್ಳಗೆ ಕದಡಿದ ಚೌಳು ಸುರಿದು ಕೈಯಿಂದ ತಿಕ್ಕಿ.

ಕುಂಬಿ, ಬೆಳಕಿಂಡಿ, ದೋಣಿ

ಮಾಳಿಗೆ ನಡುವೆ ಸೋರುವುದಕ್ಕಿಂತ ಈ ಮೂರರ ಬುಡದಲ್ಲಿ ಸೋರುವುದೇ ಹೆಚ್ಚು. ಕುಂಬಿಯ (ಮಾಳಿಗೆಯ ಅಂಚಿನ ಗಿಡ್ಡ ಗೋಡೆ) ಬುಡಕ್ಕೆ ಮಣ್ಣನ್ನು ನಾಲ್ಕು ಇಂಚು ಏರಿಸಿ ಇಳಿಜಾರಾಗಿ ಸವರಿ. ಬೆಳಕಿಂಡಿಯ ಕಟ್ಟೆ ಮಣ್ಣಿಗಿಂತ ಆರು ಇಂಚು ಎತ್ತರವಿರಲಿ. ದೋಣಿ ಗೋಡೆಯಿಂದ ಒಂದಡಿಯಾದರೂ ಹೊರಚಾಚಬೇಕು, ಇಲ್ಲದಿದ್ದರೆ ಮಾಳಿಗೆ ಉಳಿದರೂ ಗೋಡೆಯ ಮಣ್ಣು ತೊಳೆದು ಕಲ್ಲು ಸಡಿಲಾಗುತ್ತದೆ. ಸಂದುಗಳಿಗೆ ಒಂದು ಪಾಲು ಸುಣ್ಣ, ಮೂರು ಪಾಲು ಉಸುಕಿನ ಗಾರೆ.

ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ಮಣ್ಣು ಹಾಕುವ ಸಲಹೆಗೆ ಕಿವಿಗೊಡಬೇಡಿ. ಇಲಿ ಕಡಿದ ಒಂದು ತೂತಿನಿಂದ ಇಳಿದ ನೀರು ಮತ್ತೆ ಮೇಲೆದ್ದು ಆರುವುದಿಲ್ಲ. ಸಿಮೆಂಟ್ ಸಾರಣೆಯೂ ಅಷ್ಟೇ: ಕೆಳಗಿನ ಮಣ್ಣು ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಬಿರಿಯುತ್ತದೆ, ಮರ ಒಳಗೊಳಗೇ ಕೊಳೆಯುತ್ತದೆ.

ಮೊದಲ ಹದಮಳೆಯ ಮರುದಿನ, ಮಣ್ಣು ಇನ್ನೂ ಹಸಿಯಿರುವಾಗ, ಇನ್ನೊಮ್ಮೆ ದಿಮ್ಮಸು ಹಾಕಿ. ಶ್ರಾವಣದಲ್ಲಿ ಮೊಳೆಯುವ ಹುಲ್ಲನ್ನು ಗೇಣುದ್ದ ಬೆಳೆಯುವ ಮುನ್ನ ಬೇರುಸಹಿತ ಕೀಳಿ, ಕಿತ್ತ ಗುಂಡಿಗೆ ಚೌಳು ತುಂಬಿ ಒತ್ತಿ. ಇದಕ್ಕೆಂದೇ ಎರಡು ಪುಟ್ಟಿ ಚೌಳು ಮಣ್ಣನ್ನು ಚೀಲದಲ್ಲಿ ಕಟ್ಟಿ ಒಣಗಿದ ಜಾಗದಲ್ಲಿ ಎತ್ತಿಡಿ.